ದಾಖಲೆಗೆ ಸೇರದ ಗಾಯ

ಎಪ್ಪತ್ತೊಂದರ ಯುದ್ಧದಲ್ಲಿ ನಮ್ಮ ಯಜಮಾನ್ರ ತೊಡೆಗೆ ಗುಂಡು ಬಿದ್ದಿತ್ತು. ಕುಂಟ್ಕೊಂಡೇ ರಿಟೈರಾಗಿ ಹೊಸಹಳ್ಳಿಗೆ ಬಂದ್ರು. ಗಾಯಗೊಂಡ ಸಿಪಾಯಿಗಳಿಗೆಲ್ಲ ಸರ್ಕಾರ ಪದಕ ಕೊಡ್ತು, ಇವರಿಗೆ ಮಾತ್ರ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯ್ತು. ದಾಖಲೆ ತಿದ್ದಿಸೋಣ ನಡೀರಿ ಅಂತ ಮಾಜಿ ಸೈನಿಕರ ಆಫೀಸಿಗೆ ಎಳ್ಕೊಂಡು ಹೋದೆ.

ಗುಮಾಸ್ತರು ಫೈಲ್ ತಿರುವಿ, "ಗಾಯ ಆಗಿದ್ದೇ ಇದರಲ್ಲಿ ಇಲ್ವಲ್ಲ ಮೂಡಲಗಿರಿಯಪ್ಪನವರೇ" ಅಂದ್ರು.

"ನಿಮಗೇನು ಕಣ್ಣು ಕಾಣಲ್ವಾ ಸಾರ್? ಇವರ ಕಾಲು ನೋಡಿ!" ಅಂತ ಎಗರಾಡಿದೆ.

ಯಜಮಾನ್ರು ತಲೆ ತಗ್ಗಿಸಿದ್ರು. "ಬರೀಬೇಡಿ ಅಂತ ಡಾಕ್ಟ್ರ ಕೈ ಹಿಡ್ಕೊಂಡವನು ನಾನೇ ಸಾರ್. ಬರೆದ್ರೆ ಮನೆಗೆ ಟೆಲಿಗ್ರಾಂ ಹೋಗುತ್ತೆ. ನಮ್ಮ ಕಡೆ ಟೆಲಿಗ್ರಾಂ ಅಂದ್ರೆ ಸಾವು, ಒಡೆಯೋಕೆ ಮುಂಚೆನೇ ಅಳು ಶುರು. ಇವಳು ಆಗ ತುಂಬು ಬಸುರಿ."

ಇಷ್ಟು ವರ್ಷ ಈ ಮನುಷ್ಯ ಒಂದು ಮಾತು ಹೇಳಿರಲಿಲ್ಲ!

"ಆ ಡಾಕ್ಟ್ರು ಬರ್ಕೊಟ್ರೆ ಈಗಲೂ ಸೇರಿಸಬಹುದು" ಅಂದ್ರು ಗುಮಾಸ್ತರು.

ನಾನು ಸೆರಗಲ್ಲಿ ಮೂಗು ಒರೆಸ್ಕೊಂಡು ಇವರ ಕಡೆ ತಿರುಗಿದೆ. "ಇವತ್ತೇ ಆ ಡಾಕ್ಟ್ರಿಗೆ ಕಾಗದ ಹಾಕಿ. ಜವಾಬು ಟೆಲಿಗ್ರಾಂನಲ್ಲೇ ಕಳಿಸಿ ಅಂತ ಬರೀರಿ. ಬಾಗಿಲಲ್ಲಿ ನಿಂತು ನಾನೇ ಸೈನ್ ಹಾಕಿ ಈಸ್ಕೋತೀನಿ!"