ಮೊದಲ ನಗು ಹಚ್ಚುವವಳು

ವೆಂಡೆಲ್ ಕ್ರಾಂಟ್ಸ್ ಎಂಬ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆ ಮುಖ ಎಲ್ಲರಿಗೂ ಗೊತ್ತಿತ್ತು. ಹಾಲಿವುಡ್‌ನಲ್ಲಿ ಇಪ್ಪತ್ತು ವರ್ಷ ಅವನು ಚಿತ್ರಗಳಲ್ಲಿ ಹೋಟೆಲ್ ಗುಮಾಸ್ತನಾಗಿದ್ದ, ಬಟ್ಲರ್ ಆಗಿದ್ದ, ಹೆಂಡತಿಗೆ ಹೆದರುವ ಹಲ್ಲಿನ ಡಾಕ್ಟರಾಗಿದ್ದ. ಅವನ ಹೊಟ್ಟೆ ತುಂಬಿಸಿದ್ದು ಒಂದೇ ಕಸುಬು: ಏನನ್ನೋ ನೋಡುವುದು, ಏನೂ ಆಗಿಲ್ಲವೆಂಬಂತೆ ಮುಖ ತಿರುಗಿಸುವುದು, ತಟ್ಟನೆ ಮತ್ತೆ ನೋಡಿ ಜನರನ್ನು ನಗಿಸುವುದು.

ಅವನ ಹೆಂಡತಿ ಆರ್ಡಿಸಳಿಗೂ ಒಂದು ಕೆಲಸವಿತ್ತು, ಸಂಬಳವಿಲ್ಲದ್ದು. ಬಿಡುಗಡೆಗೆ ಮೊದಲು ಚಿತ್ರವನ್ನು ಯಾವುದಾದರೂ ಟಾಕೀಸಿನಲ್ಲಿ ತೋರಿಸಿ ಜನರ ನಾಡಿ ನೋಡುವುದು ಅಲ್ಲಿನ ರೂಢಿ. ಹಾಸ್ಯನಟರ ಹೆಂಡಂದಿರು ಜನರ ನಡುವೆ ಕೂತು, ಗಂಡನ ಸರದಿ ಬಂದಾಗ ಮೊದಲ ನಗು ಹಚ್ಚುತ್ತಿದ್ದರು. ಆರ್ಡಿಸಳದು ಒಂದೇ ಗೀರಿಗೆ ಹೊತ್ತುವ ಕಡ್ಡಿ ಎಂದು ಉಳಿದವರು ಛೇಡಿಸುತ್ತಿದ್ದರು.

ಐವತ್ತು ದಾಟಿದ ಮೇಲೆ ವೆಂಡೆಲನಿಗೆ ಒಂದು ಗಂಭೀರ ಪಾತ್ರ ಸಿಕ್ಕಿತು: ಯುದ್ಧದಿಂದ ಬಂದ ಮಗನ ಶವಪೆಟ್ಟಿಗೆಯನ್ನು ರೈಲಿನಿಂದ ಇಳಿಸಿಕೊಳ್ಳುವ ತಂದೆ. ಮಾತಿಲ್ಲದ ದೃಶ್ಯ. ಇದನ್ನು ಜನ ಒಪ್ಪಿದರೆ ಮತ್ತೆಂದೂ ಬಟ್ಲರ್ ಆಗಬೇಕಿಲ್ಲ ಎಂದು ಅವನು ನಂಬಿದ್ದ. ಆರ್ಡಿಸಳೂ ನಂಬಿದ್ದಳು.

ಗ್ಲೆಂಡೇಲಿನ ಟಾಕೀಸಿನಲ್ಲಿ, ಭಾನುವಾರ ಮಧ್ಯಾಹ್ನ, ಮೊದಲ ಬಾರಿಗೆ ಅವಳು ಗಂಡನ ಪಕ್ಕದಲ್ಲೇ ಕೂತಳು. ಪರದೆಯ ಮೇಲೆ ರೈಲು ನಿಂತಿತು. ತಂದೆ ಪೆಟ್ಟಿಗೆಯನ್ನು ನೋಡಿದ. ಬೇರೆ ಯಾರದೋ ಸಾಮಾನೆಂಬಂತೆ ಮುಖ ತಿರುಗಿಸಿದ. ಮತ್ತೆ ನೋಡಿದ.

ಆರ್ಡಿಸ್ ನಕ್ಕುಬಿಟ್ಟಳು. ಅವಳ ಕಣ್ಣು ಆಗಲೇ ತುಂಬಿತ್ತು. ಗಂಟಲು ಮಾತ್ರ ಇಪ್ಪತ್ತು ವರ್ಷದ ಅಭ್ಯಾಸದಂತೆ ತನ್ನ ಕೆಲಸ ಮಾಡಿತ್ತು. ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಸಾಲಿಗೆ ಸಾಲೇ ನಗುತ್ತಿತ್ತು.

ಹೊರಗೆ ನಿರ್ಮಾಪಕ ವೆಂಡೆಲನ ಬೆನ್ನು ತಟ್ಟಿದ. "ಸಪ್ಪೆ ಚಿತ್ರಕ್ಕೆ ನೀನೊಬ್ನೇ ಉಪ್ಪು ಹಾಕ್ದೆ ಕಣೋ. ಮುಂದಿನ ಚಿತ್ರದಲ್ಲಿ ಹೆಣ ಹೂಳೋ ಕಂಪನಿ ಮಾಲೀಕ ನೀನೇ. ಪೂರ್ತಿ ಕಾಮಿಡಿ. ಪೋಸ್ಟರ್ ಮೇಲೆ ಹೆಸ್ರು ಬರತ್ತೆ."

ವೆಂಡೆಲ್ ಕಾರು ಹೊರಡಿಸಿದ. ಮೊದಲು ನಕ್ಕವರು ಯಾರೆಂದು ಅವನು ಕೇಳಲಿಲ್ಲ. ಆ ನಗುವನ್ನು ಅವನು ಎಷ್ಟು ಜನರ ನಡುವೆಯೂ ಗುರುತಿಸಬಲ್ಲ.

"ನಿನ್ ತಮ್ಮ ಹೋದ ಅಂತ ಟೆಲಿಗ್ರಾಂ ಬಂದಾಗ್ಲೂ ನೀನು ಹೀಗೇ ನೋಡಿದ್ದೆ, ವೆಂಡೆಲ್," ಎಂದಳು ಆರ್ಡಿಸ್. "ಒಲೆ ಕಡೆ ತಿರುಗ್ದೆ, ಮತ್ತೆ ನೋಡ್ದೆ. ಅದು ನಟನೆ ಅಲ್ಲ. ನಂಗೊತ್ತು. ಆವತ್ತು ನಾನು ನಗ್ಲಿಲ್ಲ."

"ಆವತ್ತು ಯಾರೂ ಟಿಕೆಟ್ ತಗೊಂಡಿರ್ಲಿಲ್ಲ," ಎಂದ ಅವನು.

ಮನೆ ತಲುಪಿದ ಮೇಲೆ, ಹ್ಯಾಟನ್ನೂ ತೆಗೆಯದೆ, ನಿರ್ಮಾಪಕನಿಗೆ ಫೋನ್ ಮಾಡಿ ಒಪ್ಪಿಕೊಂಡ.