ಕೊನೆಯ ಗೋಡೆಯಾಚೆ

ನಾನು ಒಂದು ಡೇರೆ. ಹಸಿರು ಬಣ್ಣ, ಒಬ್ಬರು ಕಾಲು ಚಾಚಿ ಮಲಗುವಷ್ಟು ಜಾಗ, ಮಡಚಿ ಚೀಲಕ್ಕೆ ತುರುಕಿದರೆ ಸೋರೆಕಾಯಿಯಷ್ಟು ಗಾತ್ರ. ಸಮುದ್ರದ ದಂಡೆಯ ಕಾರ್ಖಾನೆಯೊಂದರಲ್ಲಿ, ಹೊಲಿಗೆ ಯಂತ್ರಗಳ ಗದ್ದಲದ ನಡುವೆ ಹುಟ್ಟಿದೆ. ನನ್ನನ್ನು ಹೊಲಿದ ಹೆಂಗಸು ಕೊನೆಯ ದಾರವನ್ನು ಹಲ್ಲಿನಿಂದ ಕಡಿದು, ಬೆನ್ನಿಗೊಂದು ಏಟು ಕೊಟ್ಟು ಆಚೆ ತಳ್ಳಿದಳು. ನನಗೆ ಸಿಕ್ಕ ಆಶೀರ್ವಾದ ಅಷ್ಟೇ.

ಹಡಗು ಹತ್ತಿ ಇಂಗ್ಲೆಂಡಿನ ಉತ್ತರ ಭಾಗಕ್ಕೆ ಬಂದೆ. ಅಲ್ಲೊಂದು ಬೋಳುಗುಡ್ಡಗಳ ಸೀಮೆಯಿದೆ. ಮರವಿಲ್ಲ, ಮನೆಯಿಲ್ಲ, ಹುಲ್ಲು, ಕಲ್ಲು, ಕುರಿ. ಆ ಗುಡ್ಡಗಳಿಗೆ ಊರವರು ಫೆಲ್ ಎನ್ನುತ್ತಾರೆ. ಹೊಲಗಳ ಕೊನೆಯ ಕಲ್ಲುಗೋಡೆ ದಾಟಿ ಮೇಲಕ್ಕೆ ಹೋದವರು ಸಂಜೆ ಡೇರೆ ಹಾಕಿ, ಬೆಳಗಾಗುತ್ತಲೇ ಗುರುತುಳಿಯದಂತೆ ಕಿತ್ತು ಬರಬೇಕು. ಅದು ಅಲ್ಲಿಯ ರೂಢಿ. ನನ್ನ ಮೊದಲ ಯಜಮಾನ ರಾಲ್ಫ್ ಹಾಗೆಯೇ ಮಾಡುತ್ತಿದ್ದ. ಬಸ್ಸು ಓಡಿಸಿ ನಿವೃತ್ತನಾದವನು; ಮಾತು ಕಡಿಮೆ, ಗೊರಕೆ ಜಾಸ್ತಿ. ಮೊಣಕಾಲು ಕೈಕೊಟ್ಟಾಗ ಆಸ್ಪತ್ರೆ ಸೇರಿದ. ನಾನು ಅವನ ಮನೆಯ ಮೆಟ್ಟಿಲಡಿಯ ಕತ್ತಲು ಸೇರಿದೆ.

ಆ ಆಸ್ಪತ್ರೆಯ ಎಲುಬಿನ ವಾರ್ಡಿನಲ್ಲಿ ಅನಸೂಯಾ ಕಟಗೇರಿ ನರ್ಸ್ ಆಗಿದ್ದಳು. ಗದಗಿನ ಕಡೆಯವಳು, ಐವತ್ತು ದಾಟಿದ ವಿಧವೆ. ಗುಡ್ಡದಿಂದ ಬಿದ್ದು ಬಂದವರ ಕಾಲುಗಳನ್ನು ವರ್ಷಗಟ್ಟಲೆ ನೋಡಿಕೊಂಡಿದ್ದಳು. ಆದರೆ ಗುಡ್ಡವನ್ನು ಮಾತ್ರ ವಾರ್ಡಿನ ಕಿಟಕಿಯಿಂದಷ್ಟೇ ಕಂಡಿದ್ದಳು.

"ಈ ಕಾಲಲ್ಲಿ ಇನ್ನು ನಾನು ಹತ್ತುವುದಿಲ್ಲ. ನನ್ನ ಡೇರೆ ನೀವು ತಗೊಳ್ಳಿ," ಎಂದ ರಾಲ್ಫ್, ಮನೆಗೆ ಹೊರಡುವ ದಿನ.

ಅವಳು ನಕ್ಕು ಬೇಡವೆಂದಳು. ಅವನು ಮಗಳ ಕೈಯಲ್ಲಿ ನನ್ನನ್ನು ಕಳಿಸಿಯೇ ಬಿಟ್ಟ.

ಅವಳ ಬಾಡಿಗೆ ಮನೆಯಲ್ಲಿ ಬೇರೆ ನರ್ಸುಗಳೂ ಇದ್ದರು. ಅಡುಗೆಮನೆಗೆ ಸರದಿ, ಬಚ್ಚಲಿಗೆ ಸರದಿ, ಮಲಗುವ ಕೋಣೆಯಲ್ಲೂ ಇನ್ನೊಬ್ಬಳ ಮಂಚ. ಅನಸೂಯಾ ಕೋಣೆಯಲ್ಲಿ ನನ್ನನ್ನು ಅರ್ಧ ಬಿಡಿಸಿ, ಬಟ್ಟೆಯ ಮೇಲೆ ಕೈಯಾಡಿಸುತ್ತ, ಊರಿನಲ್ಲಿದ್ದ ತಂಗಿ ಶಾರವ್ವನಿಗೆ ಫೋನು ಹಚ್ಚಿದಳು.

"ಹುಚ್ಚ ಹಿಡದೈತೇನ ಅಕ್ಕಾ ನಿನಗ? ಒಬ್ಬಾಕೀನ ಗುಡ್ಡದಾಗ ಮಲಗಾಕ ಹೊಂಟೀಯಲ್ಲ!"

"ಹುಲಿ ಇಲ್ಲ, ಹಾವಿಲ್ಲ. ಕುರಿ ಅದಾವು, ಅಷ್ಟ."

"ಮನಷ್ಯಾರು ಅದಾರಲ್ಲ!"

"ಅದಕ್ಕ ಮನಷ್ಯಾರು ಇಲ್ದಲ್ಲಿ ಹೊಂಟೇನಿ. ನೋಡ ಶಾರೀ, ಸಣ್ಣಾಕಿ ಇದ್ದಾಗ ಎಲ್ಲಾರೂ ಸಾಲಾಗಿ ಮಲಗತಿದ್ವಿ. ಆಮ್ಯಾಲೆ ಹಾಸ್ಟೆಲ್ಲು, ಆಮ್ಯಾಲೆ ಅತ್ತಿಮನಿ. ಈಗ ಇಲ್ಲಿ. ಜನ್ಮದಾಗ ಒಂದ ರಾತ್ರಿನೂ ಒಬ್ಬಾಕಿ ಮಲಗಿಲ್ಲ. ನಂಗ ಅದು ಬೇಕಾಗೇತಿ."

ಬೇಸಿಗೆಯ ಒಂದು ರಜಾದಿನ ಹೊರಟೇಬಿಟ್ಟೆವು. ಅವಳ ಬೆನ್ನಿನ ಮೇಲೆ ಕುಳಿತ ನನಗೆ ಅವಳ ಎದೆಬಡಿತ ಡೊಳ್ಳಿನಂತೆ ಕೇಳುತ್ತಿತ್ತು. ಚೀಲದಲ್ಲಿ ನನ್ನ ಪಕ್ಕಕ್ಕೇ ಕಟಕ ರೊಟ್ಟಿ, ಶೇಂಗಾ ಚಟ್ನಿ. ಕಲ್ಲುಗೋಡೆಯ ಗೇಟು ದಾಟಿದಾಗ ಅವಳು ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎರಡು ಹೆಜ್ಜೆ ಕುಣಿದಳು. ಏದುಸಿರು ಬಿಡುತ್ತ ಹತ್ತಿದಳು, ಕೂತಳು, ಮತ್ತೆ ಹತ್ತಿದಳು. ಮೇಲೆ ಒಂದು ಪುಟ್ಟ ಕೆರೆ. ಅದರ ದಂಡೆಯಲ್ಲಿ ಮೆತ್ತನೆಯ ಹುಲ್ಲು. ಗೂಟ ಹೊಡೆದು ನನ್ನನ್ನು ನಿಲ್ಲಿಸಿ, ಹಿಂದೆ ಸರಿದು ನೋಡಿದಳು.

"ನನ್ನ ಮನಿ!" ಎಂದು ಕೂಗಿದಳು. ಕುರಿಯೊಂದು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿತು.

ರೊಟ್ಟಿ ಮುರಿದು ಬಾಯಿಗಿಡುತ್ತಿದ್ದಂತೆ ಗಾಳಿ ಎದ್ದಿತು. ಆ ನಾಡಿನ ಬೇಸಿಗೆಯಲ್ಲಿ ಬೆಳಕು ಬೇಗ ಆರುವುದಿಲ್ಲ. ಕೆರೆಯ ನೀರು ಕಪ್ಪಾಗಿ ಸುಕ್ಕುಗಟ್ಟುವುದು ಕಾಣುತ್ತಿತ್ತು. ಮಂಜು ಇಳಿಯಿತು, ಮಳೆ ಅಡ್ಡಡ್ಡ ಹೊಡೆಯಿತು. ಅವಳು ಒಳಗೆ ನುಗ್ಗಿ ಜಿಪ್ಪು ಎಳೆದಳು. ನಾನು ಗೂಟಗಳನ್ನು ಕಚ್ಚಿ ಹಿಡಿದಿದ್ದೆ. ಆದರೆ ಮುಂದೊಂದು ಹೊಡೆತಕ್ಕೆ ನನ್ನನ್ನು ಎತ್ತಿ ಹಿಡಿದಿದ್ದ ನಡುವಿನ ಕಡ್ಡಿ ಟಣ್ ಎಂದು ಮುರಿಯಿತು. ಒದ್ದೆ ಬಟ್ಟೆ ಅವಳ ಮುಖದ ಮೇಲೆ ಬಿತ್ತು.

ಅವಳು ಚೀರಿದಳು. ತೆವಳಿ ಹೊರಬಂದು ಕೆಳಗಿನ ದಾರಿಯ ಕಡೆ ನಾಲ್ಕು ಹೆಜ್ಜೆ ಓಡಿದಳು. ಮಂಜಿನಲ್ಲಿ ಅವಳ ಪಾದವೇ ಅವಳಿಗೆ ಕಾಣುತ್ತಿರಲಿಲ್ಲ. ಕಾಲಡಿಯ ಕಲ್ಲೊಂದು ಜಾರಿ ಉರುಳಿತು. ಅದು ಕೆಳಗೆ ಬಿದ್ದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿಸಿತು. ಅಲ್ಲೇ ಗಕ್ಕನೆ ನಿಂತಳು. ಹೀಗೆ ಓಡಿದವರೇ ತನ್ನ ವಾರ್ಡಿಗೆ ಬರುವುದೆಂದು ಅವಳಿಗೆ ಆ ಕ್ಷಣ ನೆನಪಾಗಿರಬೇಕು. ನೆಲಕ್ಕೆ ಕೂತು, ಕೈಯೂರುತ್ತ, ನನ್ನ ಪಟಪಟ ಸದ್ದನ್ನೇ ಹಿಡಿದು ತೆವಳಿ ವಾಪಸು ಬಂದಳು.

ಬಂದವಳೇ ನನ್ನ ಮುರಿದ ಕಡ್ಡಿಯನ್ನು ಬೆರಳಿನಿಂದ ತಡವಿದಳು. ವಾರ್ಡಿನಲ್ಲಿ ಕಾಲು ನೋಡುವಂತೆ ಮುರಿದ ಜಾಗವನ್ನು ಹುಡುಕಿದಳು.

"ಏನೂ ಆಗಿಲ್ಲವ್ವಾ," ಎಂದಳು. ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ. "ಎಲುಬು ಮುರದೈತಿ, ಅಷ್ಟ. ಈಗ ಕಟ್ತೇನಿ. ಸ್ವಲ್ಪ ತಡಕೋ."

ಕಡ್ಡಿಯನ್ನು ಅಂಗಿಯಿಂದ ಒರೆಸಿ, ಒಂದು ಬದಿಗೆ ಹೆಚ್ಚುವರಿ ಗೂಟ, ಇನ್ನೊಂದು ಬದಿಗೆ ಚಮಚದ ಹಿಡಿ ಇಟ್ಟಳು. ಜೇಬಿನಲ್ಲಿದ್ದ ಬ್ಯಾಂಡೇಜು ಪಟ್ಟಿಯನ್ನು ಸುತ್ತಿ ಸುತ್ತಿ ಬಿಗಿದಳು. ನಾನು ಸೊಟ್ಟಗಾದರೂ ಎದ್ದು ನಿಂತೆ. ಗಾಳಿ ಮತ್ತೆ ಬಂದು ಗುದ್ದಿತು. ಕಟ್ಟು ಜಗ್ಗಲಿಲ್ಲ.

"ಬಾ, ಇನ್ನೊಮ್ಮೆ ಬಾ!" ಎಂದು ಅವಳು ಗಾಳಿಗೇ ಸವಾಲು ಹಾಕಿದಳು. ನಗುತ್ತಿದ್ದಳು. ಉಳಿದ ರೊಟ್ಟಿಯನ್ನು ಕಟಕಟ ಕಡಿದು ಮುಗಿಸಿ, ಕೈಕಾಲು ಅಗಲಿಸಿ, ಇಡೀ ನೆಲವನ್ನು ಆಕ್ರಮಿಸಿ ಮಲಗಿದಳು. "ಅತ್ತ ಸರಿ" ಎನ್ನುವವರು ಯಾರೂ ಇರಲಿಲ್ಲ.

ಬೆಳಿಗ್ಗೆ ಜಿಪ್ಪು ಇಳಿಸಿದರೆ ಕಣಿವೆಯೇ ಇಲ್ಲ. ನಮ್ಮ ಕೆಳಗೆಲ್ಲ ಮೋಡ, ಹಾಲು ಉಕ್ಕಿ ನಿಂತಂತೆ. ಅದರ ಮೇಲೆ ಅಲ್ಲೊಂದು ಇಲ್ಲೊಂದು ಗುಡ್ಡದ ತಲೆ; ಸೂರ್ಯ ಒಂದೊಂದಕ್ಕೇ ಅರಿಶಿನ ಹಚ್ಚುತ್ತಿದ್ದ. ಅನಸೂಯಾ ಬರಿಗಾಲಲ್ಲಿ ಹೊರಗೆ ಬಂದು ಎರಡೂ ತೋಳೆತ್ತಿ "ಹೋ!" ಎಂದಳು. ಎದುರಿನ ಗುಡ್ಡವೂ "ಹೋ!" ಎಂದಿತು. ಅವಳು ಅತ್ತಳೋ ನಕ್ಕಳೋ, ಎರಡೂ ಇತ್ತು.

ಆಮೇಲೆ ಎಷ್ಟೋ ಗುಡ್ಡ ಹತ್ತಿದೆವು. ಕೊನೆಗೆ ನನ್ನ ಮೇಲುಹೊದಿಕೆ ಸಿಪ್ಪೆಯೇಳತೊಡಗಿತು, ನೀರು ಒಳಗಿಳಿಯಿತು. ಅವಳು ಹೊಸದೊಂದು ಡೇರೆ ಕೊಂಡಳು. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಈಗ ನಾನು ಆ ಆಸ್ಪತ್ರೆಯ ಊರಿನ ಸಮುದಾಯ ಭವನದ ಮೂಲೆಯಲ್ಲಿದ್ದೇನೆ. ಬಿಸಿಲಿರುವ ಭಾನುವಾರ ಅನಸೂಯಾ ನನ್ನನ್ನು ಹುಲ್ಲಿನ ಮೇಲೆ ಹರಡಿ, ಹೊಸಬರಿಗೆ ಡೇರೆ ಹಾಕುವುದನ್ನು ಕಲಿಸುತ್ತಾಳೆ. ಮೊನ್ನೆ ನಡುವಯಸ್ಸಿನ ಹೆಂಗಸೊಬ್ಬಳು ಬಂದಿದ್ದಳು. ಗೂಟಗಳನ್ನು ತಪ್ಪುತಪ್ಪಾಗಿ ಹೊಡೆದು, ತಲೆ ತಗ್ಗಿಸಿಯೇ ಕೇಳಿದಳು: "ಒಬ್ಬಳೇ ಹೋದರೆ ಭಯವಾಗುವುದಿಲ್ಲವೇ?"

"ಆಗುತ್ತದೆ," ಎಂದಳು ಅನಸೂಯಾ. "ಒಳಗೆ ಹೋಗಿ ಜಿಪ್ಪು ಹಾಕಿಕೊಳ್ಳಿ. ಯಾರೂ ಕರೆಯುವುದಿಲ್ಲ."

ಹೆಂಗಸು ಒಳಗೆ ಬಂದಳು, ಜಿಪ್ಪು ಎಳೆದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಒಳಗೆ ಅವಳು ಏನು ಮಾಡಿದಳೆಂದು ನಾನು ಹೇಳುವುದಿಲ್ಲ. ಅನಸೂಯಾಳ ಕತೆಯನ್ನು ಅವಳೇ ಊರಿಗೆಲ್ಲ ಸಾರಿದ್ದಾಳೆ, ಅದಕ್ಕೇ ನಾನೂ ಹೇಳಿದೆ. ಇವಳದು ಇವಳದೇ. ಒಬ್ಬರೇ ಮಲಗುವ ಡೇರೆಯಾಗಿ ಹುಟ್ಟಿದವಳಿಗೆ ಅಷ್ಟು ಮರ್ಯಾದೆ ಗೊತ್ತಿರಬೇಕು.