ಉಪ್ಪು ಕಲಿಯದ ಜೊಂಡು

ಇಷ್ಟು ಹಸಿರಾಗಬಾರದಿತ್ತು — ಟ್ರೇಗಳ ಮುಂದೆ ಕುಕ್ಕರಗಾಲಲ್ಲಿ ಕೂತವಳು ಸಸಿಗಳನ್ನು ಸವರಿ ನೋಡುತ್ತಾಳೆ, ಉಪ್ಪುಜವುಗಿನ ಜೊಂಡು ಎಂದರೆ ಬೂದುಬಣ್ಣಕ್ಕೆ ತಿರುಗಿ, ಗಿಡ್ಡಗೆ, ಮೊಂಡಾಗಿ ನಿಲ್ಲಬೇಕು, ಇವು ನೋಡಿದರೆ ಮದುವೆಗೆ ಹೊರಟವರ ಹಾಗೆ ಮಿರುಗುತ್ತಿವೆ, ಬೆಳಗಿನ ಜಾವ ಕತ್ತಲಲ್ಲೇ ಉಪ್ಪುನೀರು ಹಾಕಿ ಬೇಕರಿ ಕೆಲಸಕ್ಕೆ ಓಡುತ್ತಿದ್ದವಳಿಗೆ ಕಂಡೇ ಇರಲಿಲ್ಲ, ಟ್ರೇಯ ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಳ್ಳುತ್ತಾಳೆ, ಸಪ್ಪೆ, ಇನ್ನೊಂದು, ಅದೂ ಸಪ್ಪೆ, ದಿನದಿನಕ್ಕೆ ಚೂರುಚೂರೇ ಉಪ್ಪು ಹೆಚ್ಚಿಸಿ ರೂಢಿ ಮಾಡಿಸುತ್ತಿದ್ದ ಸಸಿಗಳು — ಅತ್ತಿಗೇ, ಇದಕ್ಕೆ ಸಿಹಿನೀರು ಯಾರು ಹಾಕಿದ್ದು, ನಾನೇ ಕಣೇ, ಬಾಗಿಲಲ್ಲಿ ನಿಂತ ಅತ್ತಿಗೆಯ ಮುಖ ತುಂಬ ನಗು, ನಿನ್ನ ಉಪ್ಪುನೀರಿಗೆ ಮುಖ ಸಣ್ಣಗೆ ಮಾಡ್ಕೊಂಡಿದ್ವು ಪಾಪ, ನೀನು ಆಕಡೆ ಹೋದ್ಮೇಲೆ ಎಲ್ಲಾ ತೊಳೆದು ಕುಡಿಯೋ ನೀರೇ ಕೊಟ್ಟೆ, ನೋಡು ಹೇಗೆ ಮೈತುಂಬ್ಕೊಂಡಿವೆ.

ಆ ಮಂಡಿನೋವಿನಲ್ಲಿ, ಬೀದಿ ನಲ್ಲಿಯಿಂದ, ಕೊಡ ಹೊತ್ತು — ಅಣ್ಣ ತೀರಿಕೊಂಡ ಮೇಲೆ ಲೋಟ ಎತ್ತಿಡಲೂ ಮನಸ್ಸಿಲ್ಲದೆ ಕೂತಿದ್ದ ಜೀವ, ಬೈಯುವುದಾದರೂ ಹೇಗೆ, ಬೈಯದೆ ಇರುವುದಾದರೂ ಹೇಗೆ, ಹಿತ್ತಿಲ ದಂಡೆಯನ್ನು ಸಮುದ್ರ ತಿನ್ನುತ್ತಿದೆ, ಬೇಲಿ ಹೋಯಿತು, ಬಟ್ಟೆ ಒಗೆಯುವ ಕಲ್ಲು ಹೋಯಿತು, ಮುಂದಿನ ಸರದಿ ಅಡುಗೆಮನೆಯದು, ಜೊಂಡಿನ ಬೇರು ಕೆಸರು ಹಿಡಿದರೆ ಮನೆ ಉಂಟು, ಇಲ್ಲದಿದ್ದರೆ ಇಲ್ಲ, ಸಂಜೆ ಹುಣ್ಣಿಮೆಯ ದೊಡ್ಡ ಉಬ್ಬರ, ಅದಕ್ಕೆ ಮುಂಚೆ ನೆಡಲೆಂದೇ ಪಕ್ಕದ ಮನೆಯ ದೋಣಿಯವನು ಪಂಚೆ ಮೇಲೆ ಕಟ್ಟಿ ಬಂದು ನಿಂತಿದ್ದಾನೆ, ಏನಕ್ಕಾ, ಸಸಿಗೆ ಹಾಲು ಕುಡಿಸಿದ್ಯಾ, ಟ್ರೇ ಎತ್ತಲಾ, ಬೇಡಪ್ಪ, ಇವತ್ತು ನೆಟ್ರೆ ನಾಳೆ ಒಂದೂ ಇರಲ್ಲ, ಉಪ್ಪಿಗೆ ಸುಟ್ಟುಹೋಗ್ತವೆ, ಅವನು ಅತ್ತಿಗೆಯನ್ನೊಮ್ಮೆ ನೋಡಿ ಪಂಚೆ ಕೆಳಗಿಳಿಸಿ, ಸರಿ, ಮುಂದಿನ ಅಮಾವಾಸ್ಯೆಗೇ ಬರ್ತೀನಿ ಬಿಡು, ಅಂದ, ಎಷ್ಟು ಒಳ್ಳೆಯವನು, ಆದರೆ ದಂಡೆ ಅಮಾವಾಸ್ಯೆಯವರೆಗೆ ಕಾಯುತ್ತದೆಯೇ, ಅತ್ತಿಗೆಯ ನಗು ಎಲ್ಲಿ ಹೋಯಿತು, ನನ್ನಿಂದಾನಾ, ಕೊಂದುಬಿಟ್ನಾ, ಇಲ್ಲ ಅತ್ತಿಗೆ, ಇನ್ನೂ ಸತ್ತಿಲ್ಲ, ಇವತ್ತಿಂದ ಮತ್ತೆ ಶುರು ಮಾಡೋಣ, ನೀವೇ ಹಾಕಿ, ನಿಮ್ಮ ಕೈಯಾರೆ, ಒಂದೇ ಹಿಡಿ ಉಪ್ಪು — ಅಯ್ಯೋ, ನಾನಾ, ಮತ್ತೆ ಬಾಡ್ತಾವಲ್ಲೇ, ಬಾಡಲಿ, ಬಾಡಿ ಬದುಕ್ತವೆ.

ಹಿತ್ತಿಲಲ್ಲಿ ಮಣ್ಣಿನ ಹೆಂಟೆಯೊಂದು ನೀರಿಗೆ ಕಳಚಿಬೀಳುವ ಸದ್ದು, ಅತ್ತಿಗೆ ಉಪ್ಪು ಹಿಡಿದಿದ್ದಾರೆ, ಬಕೆಟ್ಟಿನ ಮೇಲೆ ಆ ಮುಷ್ಟಿ, ಇನ್ನೊಂದು ಹೆಂಟೆ, ನೀರಿಗೆ ಬಿಡಿ ಅತ್ತಿಗೆ, ಮುಷ್ಟಿಯ ಸಂದಿಯಲ್ಲಿ ಬೆವರಿಗೆ ಕರಗುತ್ತಿರುವ ಹರಳು, ಬಿಡಿ, ಆ ಮುಷ್ಟಿ, ಬಕೆಟ್ಟಿನ ಮೇಲೆ, ಬಿಗಿಯಾಗಿ —